ರಿಯಲ್ ಮ್ಯಾಡ್ರಿಡ್ ತಂಡವನ್ನು ಸೋಲಿಸಿದ ನೆಕಾಕ್ಸಾ ಆಮೇಲೆ ಎಲ್ಲಿ ಹೋಯ್ತು?

ತೋರಣಗಲ್ಲು_ಗೋಲಿ:
ನೈಟ್ ಶಿಫ್ಟ್ ಮುಗಿಸಿ ಬಂದು ಹಳೇ ಮ್ಯಾಚ್ ನೋಡುತ್ತಿದ್ದೆ. 2000ದ ಜನವರಿ, ಬ್ರೆಜಿಲ್‌ನಲ್ಲಿ ಮೊದಲ ಫಿಫಾ ಕ್ಲಬ್ ಚಾಂಪಿಯನ್‌ಶಿಪ್. ಮೆಕ್ಸಿಕೋದ ನೆಕಾಕ್ಸಾ ಮ್ಯಾಂಚೆಸ್ಟರ್ ಯುನೈಟೆಡ್ ಜೊತೆ 1-1 ಡ್ರಾ ಮಾಡಿಕೊಂಡಿದೆ. ಮೂರನೇ ಸ್ಥಾನದ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿದೆ. ಇಂಥ ತಂಡ 2009ರಲ್ಲಿ ಎರಡನೇ ದರ್ಜೆಗೆ ಬಿತ್ತಂತೆ. ಹೇಗೆ? ಆಟಗಾರರು ಹೋದರಾ, ದುಡ್ಡು ಖಾಲಿಯಾಯಿತಾ?

ಶಕ್ತಿನಗರ_ಕಾಕಾ:
ತಮ್ಮಾ, ಈ ತಂಡ ಅಂದರೆ ನನಗೆ ಸ್ವಲ್ಪ ಪಕ್ಷಪಾತ. ನಾನು ಆರ್‌ಟಿಪಿಎಸ್ (ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರ) ಸ್ವಿಚ್‌ಯಾರ್ಡ್‌ನಲ್ಲಿ ದುಡಿದು ರಿಟೈರ್ ಆದವನು, ಅದೂ ಕರೆಂಟಿನವರ ತಂಡ. 1923ರಲ್ಲಿ ಮೆಕ್ಸಿಕೋ ಸಿಟಿಯ ವಿದ್ಯುತ್ ಕಂಪನಿ ತಂಡವನ್ನೂ ಟ್ರಾಮ್ ನೌಕರರ ತಂಡವನ್ನೂ ಸೇರಿಸಿ ಕಟ್ಟಿದರು. ರಾಜಧಾನಿಗೆ ಕರೆಂಟು ಕೊಡುತ್ತಿದ್ದ ಜಲವಿದ್ಯುತ್ ಕೇಂದ್ರ ಇದ್ದದ್ದು ನೆಕಾಕ್ಸಾ ನದಿ ಮೇಲೆ. ಅದೇ ಹೆಸರು ಇಟ್ಟರು. ಇವತ್ತಿಗೂ ಲಾಂಛನದಲ್ಲಿ ಮಿಂಚು ಇದೆ.

1930ರ ದಶಕದಲ್ಲಿ ನಾಲ್ಕು ಸಲ ಲೀಗ್ ಗೆದ್ದರು. ಒಬ್ಬರ ಮನಸ್ಸು ಒಬ್ಬರಿಗೆ ಗೊತ್ತಿದ್ದ ಹಾಗೆ ಆಡುತ್ತಿದ್ದರಂತೆ, ಜನ 'ಹನ್ನೊಂದು ಅಣ್ಣತಮ್ಮಂದಿರು' ಅಂತಲೇ ಕರೆದರು. 1943ರಲ್ಲಿ ಲೀಗ್ ವೃತ್ತಿಪರ ಆಯಿತು, ತಂಡ ಹಿಂದೆ ಸರಿಯಿತು. 1950ರಲ್ಲಿ ವಾಪಸ್ ಬಂತು. 1971ರಲ್ಲಿ ಮಾರಾಟವಾಗಿ ಹೆಸರೂ ಹೋಯಿತು: ಅಟ್ಲೆಟಿಕೊ ಎಸ್ಪಾನ್ಯೋಲ್ ಅಂತೆ! 1982ರಲ್ಲಿ ಟಿವಿ ಕಂಪನಿ ಟೆಲಿವಿಸಾ ಕೊಂಡುಕೊಂಡು ಹಳೇ ಹೆಸರು ಮತ್ತೆ ಹಚ್ಚಿತು.

ಟೆಲಿವಿಸಾ ದುಡ್ಡಿಗೆ ಕೊರತೆ ಇರಲಿಲ್ಲ. ಈಕ್ವೆಡಾರ್‌ನ ಅಲೆಕ್ಸ್ ಅಗಿನಾಗಾ ಬಂದ. ಅವನು ಚೆಂಡು ಹಿಡಿದರೆ ಎದುರಿನವರು ಸುಮ್ನೆ ನೋಡುತ್ತಾ ನಿಲ್ಲಬೇಕು, ಅಂಥ ಆಟ. ಮಾನುಯೆಲ್ ಲಾಪುಯೆಂತೆ ಕೋಚ್ ಆಗಿದ್ದಾಗ 1994-95, 1995-96 ಎರಡೂ ಲೀಗ್ ಇವರದ್ದೇ. 1998ರ ಚಳಿಗಾಲದ ಟೂರ್ನಿ ಫೈನಲ್‌ನಲ್ಲಿ ಗ್ವಾಡಲಹಾರಾವನ್ನು ಅವರ ಊರಲ್ಲೇ ಸೋಲಿಸಿದರು. 1999ರಲ್ಲಿ ಕಾನ್‌ಕಕಾಫ್ ಕಪ್, ಅಂದರೆ ಉತ್ತರ-ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಕ್ಲಬ್‌ಗಳ ಕಪ್. ಅದರಿಂದಲೇ ನೀನು ನೋಡಿದ ಟೂರ್ನಿಗೆ ಸೀಟು ಸಿಕ್ಕಿದ್ದು. ಮ್ಯಾಡ್ರಿಡ್ ಮೇಲೆ ಸಮಬಲದ ಗೋಲು ಹೊಡೆದ ಡೆಲ್ಗಾಡೊ ಕೂಡ ಈಕ್ವೆಡಾರ್‌ನವನೇ.

ಆದರೆ ನೋಡು, ಆಡುತ್ತಿದ್ದದ್ದು ಮೆಕ್ಸಿಕೋ ಸಿಟಿಯ ಆಸ್ಟೆಕಾ ಸ್ಟೇಡಿಯಂನಲ್ಲಿ. ಒಂದು ಲಕ್ಷ ಜನ ಹಿಡಿಯುವ ಜಾಗ. ಅದೇ ಮಾಲೀಕರ ಇನ್ನೊಂದು ತಂಡ 'ಕ್ಲಬ್ ಅಮೆರಿಕಾ'ಗೂ ಅದೇ ಮನೆ. ಅಮೆರಿಕಾ ಅಂದರೆ ಅಲ್ಲಿ ಅರ್ಧ ಊರಿಗೆ ಪ್ರಾಣ, ಉಳಿದರ್ಧಕ್ಕೆ ವೈರಿ. ನೆಕಾಕ್ಸಾ ಮೇಲೆ ಯಾರಿಗೂ ಸಿಟ್ಟಿಲ್ಲ, ಹುಚ್ಚೂ ಇಲ್ಲ. ಕಪ್ ಗೆದ್ದ ಕಾಲದಲ್ಲೂ ಸೀಟು ಖಾಲಿ. ಮಲತಾಯಿ ಮನೆಯ ಮಗು ಅನ್ನು. 2003ರಲ್ಲಿ ಎತ್ತಿಕೊಂಡು ಹೋಗಿ ಅಗ್ವಾಸ್ಕಾಲಿಯೆಂತೆಸ್‌ನ ಹೊಸ ಸ್ಟೇಡಿಯಂನಲ್ಲಿ ಇಟ್ಟರು. ಅದು ಬೇರೆ ರಾಜ್ಯ. ಹಳೇ ಅಭಿಮಾನಿಗಳು ರಾಜಧಾನಿಯಲ್ಲೇ ಉಳಿದರು, ಹೊಸ ಊರಲ್ಲಿ ಹೊಸಬರನ್ನು ಮೊದಲಿಂದ ಹುಡುಕಬೇಕಾಯಿತು.

ಸಂಡೂರು_ಡಿಫೆಂಡರ್:
ಕಾಕಾ, ಎಲ್ಲ ತಪ್ಪು ಕಂಪನಿ ಮೇಲೆ ಹಾಕಿದರೆ ಹೇಗೆ? ನಮ್ಮ ಬಿಎಫ್‌ಸಿ (ಬೆಂಗಳೂರು ಎಫ್‌ಸಿ) ಕೂಡ ಜೆಎಸ್‌ಡಬ್ಲ್ಯೂ ತಂಡವೇ. 2013ರಲ್ಲಿ ಶುರುವಾಯಿತು, ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಕಂಠೀರವದಲ್ಲಿ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್ ನೋಡಿದ್ದೀರಾ? ಕೂಗಿ ಕೂಗಿ ಗಂಟಲು ಹೋಗುತ್ತೆ.

ಶಕ್ತಿನಗರ_ಕಾಕಾ:
ಕಂಪನಿ ಇರಬಾರದು ಅಂತ ನಾನೆಲ್ಲಿ ಹೇಳಿದೆ ಮಾರಾಯ? ಜೆಎಸ್‌ಡಬ್ಲ್ಯೂ ಕಾರ್ಖಾನೆ ನಿಮ್ಮ ಕಡೆ ಇದೆ, ತಂಡ ಮಾತ್ರ ಬೆಂಗಳೂರಲ್ಲೇ ಬೇರು ಬಿಟ್ಟಿದೆ. ನಾಳೆ ಅದನ್ನು ಬಳ್ಳಾರಿಗೆ ತಂದರೆ ನಮಗೆ ಖುಷಿ, ಆ ವೆಸ್ಟ್ ಬ್ಲಾಕ್ ಹುಡುಗರ ಗತಿ ಏನು? ಜೊತೆಗೆ ಒಬ್ಬರ ಕೈಯಲ್ಲೇ ಎರಡು ತಂಡ ಇರಬಾರದು. ಯಾವುದಕ್ಕೆ ಒಳ್ಳೇ ಆಟಗಾರ ಹೋಗುತ್ತಾನೆ ಅಂತ ಹೇಳಬೇಕಾ?

ತೋರಣಗಲ್ಲು_ಗೋಲಿ:
ಸರಿ ಕಾಕಾ, ಊರು ಬಿಟ್ಟದ್ದು ಅರ್ಥವಾಯಿತು. ಕೆಳಗೆ ಬಿದ್ದದ್ದು?

ಶಕ್ತಿನಗರ_ಕಾಕಾ:
ಅಲ್ಲಿ ಆಗ ಒಂದೇ ಸೀಸನ್ ನೋಡಿ ಇಳಿಸುತ್ತಿರಲಿಲ್ಲ, ಮೂರು ವರ್ಷದ ಪಾಯಿಂಟಿನ ಸರಾಸರಿ ತೆಗೆಯುತ್ತಿದ್ದರು. ಹಾಗಾಗಿ 2009ರಲ್ಲಿ ಬಿದ್ದದ್ದು ದಿಢೀರ್ ಅಲ್ಲ. ಮುಂದಿನ ವರ್ಷವೇ ಮೇಲೆ ಬಂದರು, 2011ರಲ್ಲಿ ಮತ್ತೆ ಬಿದ್ದರು. ಆಮೇಲೆ 2016ರ ತನಕ ಕೆಳಗೇ. 2018ರಲ್ಲಿ ಮೆಕ್ಸಿಕೋದ ಕಪ್ ಟೂರ್ನಿ ಕೋಪಾ ಎಂಎಕ್ಸ್ ಗೆದ್ದರು ಅನ್ನೋದು ಸಮಾಧಾನ. ಈಗ ನಟರಾದ ರಯಾನ್ ರೆನಾಲ್ಡ್ಸ್, ಇವಾ ಲಾಂಗೋರಿಯಾ ಕೂಡ ದುಡ್ಡು ಹಾಕಿದ್ದಾರೆ. ನನಗೆ ಅದರ ಮೇಲೆ ದೊಡ್ಡ ನಂಬಿಕೆ ಇಲ್ಲ.

ಅಲ್ಲಿ ಸಂಜೆ ಏಳಕ್ಕೆ ಮ್ಯಾಚ್ ಅಂದರೆ ನಮಗೆ ಬೆಳಿಗ್ಗೆ ಆರೂವರೆ. ಶಿಫ್ಟ್ ಮುಗಿಸಿ ಬಂದು ನೋಡು, ಆಮೇಲೆ ಮಲಗು.