ಸತ್ತವರನ್ನು ಮಾತಾಡಿಸುವ ಹೆಂಗಸಿಗೆ ಬಳ್ಳಾರಿ–ಕೊಪ್ಪಳದ ಕಡೆ ಏನನ್ನುತ್ತಾರೆ?

ಗೆಳೆಯರೇ,

ಬೈಬಲಿನ ಹಳೆಯ ಒಡಂಬಡಿಕೆಯ ಕೆಲವು ಕಥೆಗಳನ್ನು ನಮ್ಮ ಬಳ್ಳಾರಿ–ಕೊಪ್ಪಳದ ಆಡುಮಾತಿನಲ್ಲಿ ಬರೆಯುತ್ತಿದ್ದೇವೆ. ಅಚ್ಚು ಹಾಕಿಸುವುದಕ್ಕಲ್ಲ, ಕೂಡಿಸಿಕೊಂಡು ಓದಿ ಹೇಳುವುದಕ್ಕೆ. ಒಂದನೆಯ ಸಮುವೇಲನ 28ನೇ ಅಧ್ಯಾಯಕ್ಕೆ ಬಂದಾಗ ಒಂದೇ ಒಂದು ಪದಕ್ಕೆ ಕೆಲಸ ನಿಂತಿದೆ. ಏಂದೋರಿನ ಆ ಹೆಂಗಸನ್ನು ಏನಂತ ಕರೆಯಬೇಕು?

ಕಥೆ ಗೊತ್ತಿಲ್ಲದವರಿಗೆ: ಫಿಲಿಷ್ಟಿಯರ ದಂಡು ಎದುರಿಗೆ ಬಂದಿದೆ. ಕನಸಿನಲ್ಲಾಗಲಿ ಪ್ರವಾದಿಗಳ ಬಾಯಲ್ಲಾಗಲಿ ಇಸ್ರಾಯೇಲಿನ ದೊರೆ ಸೌಲನಿಗೆ ದೇವರ ಉತ್ತರವಿಲ್ಲ. ಸತ್ತವರಲ್ಲಿ ವಿಚಾರಿಸುವವರನ್ನೆಲ್ಲ ದೇಶ ಬಿಡಿಸಿದ ದೊರೆ ಅವನೇ. ಈಗ ವೇಷ ಮರೆಸಿಕೊಂಡು ರಾತ್ರಿ ಅಂಥವಳೊಬ್ಬಳ ಮನೆಗೆ ಹೋಗುತ್ತಾನೆ. ತೀರಿಹೋದ ಪ್ರವಾದಿ ಸಮುವೇಲನನ್ನು ಕರೆಸು ಅನ್ನುತ್ತಾನೆ.

ಕರಡಿನಲ್ಲಿ ‘ಮಾಟಗಾತಿ’ ಅಂತಿದೆ. ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಮಾಟ ಅಂದರೆ ಇನ್ನೊಬ್ಬರಿಗೆ ಕೆಡುಕು ಮಾಡಿಸುವುದು. ಈಕೆ ಯಾರಿಗೂ ಏನೂ ಮಾಡಿಲ್ಲ. ಹಗಲೂ ರಾತ್ರಿ ಊಟ ಬಿಟ್ಟು ನೆಲಕ್ಕೆ ಬಿದ್ದ ಸೌಲನಿಗೆ ಮನೆಯ ಕರು ಕೊಯ್ದು, ರೊಟ್ಟಿ ಸುಟ್ಟು ಬಡಿಸಿದವಳು ಇವಳೇ. ಇನ್ನೊಬ್ಬರು ಸೂಚಿಸಿದ ‘ಪ್ರೇತಸಂವಾದಿನಿ’ಯನ್ನು ನಮ್ಮ ಕೇಳುಗರ ಎದುರು ಓದಿದರೆ ಯಾವುದೋ ಹರಿಕಥೆಯ ಪಾತ್ರ ಅಂದುಕೊಂಡಾರು.

ಮೂಲ ಹೀಬ್ರೂವಿನಲ್ಲಿ ಆಕೆ ‘ಓವ್’ (ಸತ್ತವರ ಆತ್ಮ) ಉಳ್ಳವಳು. ಇದೇ ರೂಪದ ಪದಕ್ಕೆ ಯೋಬನ ಗ್ರಂಥದಲ್ಲಿ ದ್ರಾಕ್ಷಾರಸ ತುಂಬುವ ತೊಗಲಿನ ತಿತ್ತಿ ಅಂತಲೂ ಅರ್ಥ. ಹಳೆಯ ಗ್ರೀಕ್ ಅನುವಾದದವರು ‘ಹೊಟ್ಟೆಯೊಳಗಿಂದ ಮಾತಾಡುವವಳು’ ಅಂತ ಮಾಡಿದರು. ಆದರೆ ನಮ್ಮನ್ನು ಹೆಚ್ಚು ಕಾಡಿದ್ದು ಈ ನಾಮಪದವಲ್ಲ, ಕ್ರಿಯಾಪದ. ಅಲ್ಲಿ ಸತ್ತವರನ್ನು ಕೆಳಗಿಂದ ‘ಏರಿಸಿ ತರುತ್ತಾರೆ’. ನನ್ನನ್ನು ಮೇಲಕ್ಕೆ ಬರಮಾಡಿ ಯಾಕೆ ತೊಂದರೆ ಕೊಟ್ಟೆ ಅಂತ ಸಮುವೇಲ ಗದರುತ್ತಾನೆ. ಪಾತಾಳದಂಥ ‘ಷಿಯೋಲ್’ ಕಾಲಡಿಯಲ್ಲಿದೆ ಅನ್ನುವ ನಂಬಿಕೆಯಿಂದ ಬಂದ ಮಾತು ಅದು.

ನಮ್ಮ ಕಡೆ ಸತ್ತವರು ಕೆಳಗಿಂದ ಏಳುವುದಿಲ್ಲ. ‘ಮೈಮ್ಯಾಲೆ ಬರ್ತಾರ’. ‘ಗಾಳಿ ಬಡದೈತಿ’, ‘ದೆವ್ವ ಬಡಕೊಂಡೈತಿ’. ಎಲ್ಲೋ ಹೊರಗಿಂದ, ಕರೆಯದೆ, ಅವರಾಗಿಯೇ ಬರುವುದು. ಮನೆಯವರು ಮೊದಲು ಕೇಳುವುದೂ ‘ಯಾರು ನೀ, ಹೆಸರು ಹೇಳು’ ಅಂತಲೇ. (ಏಂದೋರಿನಲ್ಲಿ ಬಂದದ್ದು ನಿಜವಾಗಿ ಸಮುವೇಲನೋ ಬೇರೇನೋ ಅಂತ ಹಳೆಯ ಕ್ರೈಸ್ತ ಪಂಡಿತರೂ ಜಗಳಾಡಿದ್ದಾರೆ. ಒರಿಗೆನ್ ಅವನೇ ಅಂದ, ಅಂತಿಯೋಕ್ಯದ ಯುಸ್ತಾಥಿಯಸ್ ಅಲ್ಲ ಅಂದ. ನಮ್ಮೂರಿನ ಹಿರಿಯರನ್ನು ಕೂಡಿಸಿದ್ದರೆ ಹೆಸರು ಕೇಳಿ ಮುಗಿಸುತ್ತಿದ್ದರು!)

ಶ್ರಾದ್ಧದಲ್ಲಿ ಪಿತೃಗಳನ್ನು ಕರೆಯುವುದು ಉಂಟು. ‘ಆಯಂತು ನಃ ಪಿತರಃ’ ಅಂತ ಮಂತ್ರವೇ ಇದೆ. ಆದರೆ ಕರೆದವರನ್ನು ಮಾತಾಡಿಸುವುದಿಲ್ಲ. ಎಡೆ ಇಡುತ್ತಾರೆ, ಕಾಗೆ ಮುಟ್ಟಿದರೆ ಸರಿ. ಎದ್ದು ಬಂದು ಮಾತಾಡಿದ್ದಕ್ಕೆ ಮಹಾಭಾರತದ ಆಶ್ರಮವಾಸಿಕ ಪರ್ವ ನೋಡಬೇಕು: ವ್ಯಾಸರು ಕರೆದಾಗ ಕುರುಕ್ಷೇತ್ರದಲ್ಲಿ ಸತ್ತವರೆಲ್ಲ ಗಂಗೆಯ ನೀರಿನಿಂದ ಎದ್ದು ಬರುತ್ತಾರೆ. ಒಂದು ರಾತ್ರಿ ಗಾಂಧಾರಿ, ಕುಂತಿ, ವಿಧವೆಯರ ಜೊತೆ ಕಳೆದು ಹೊರಟುಹೋಗುತ್ತಾರೆ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ಈ ಭಾಗ ನಮ್ಮ ಗಮಕದ ಕಟ್ಟೆಗಳಲ್ಲಿ ಅಷ್ಟು ಬಳಕೆಗೆ ಬಂದಿಲ್ಲ.

‘ಹೇಳಿಕಿ’ ಪದವೂ ಚರ್ಚೆಗೆ ಬಂತು. ಅದು ದೇವರದು. ಮೊಹರಮ್ಮಿನಲ್ಲಿ ಅಲಾಯಿ ದೇವರು (ಪಂಜಾ) ಹಿಡಿದವರು ಮೈದುಂಬಿ ಹೇಳುವುದು ಹೇಳಿಕಿ. ಸತ್ತ ಅಜ್ಜ ಮೊಮ್ಮಗಳ ಮೈಮೇಲೆ ಬಂದು ಹೊಲದ ಪತ್ರ ಎಲ್ಲಿದೆ ಅಂತ ಹೇಳಿದರೆ ಅದಕ್ಕೆ ಯಾರೂ ಹೇಳಿಕಿ ಅನ್ನುವುದಿಲ್ಲ.

ಮಂತ್ರಾಲಯದ ಮಾತೂ ಬಂತು, ಬರಲೇಬೇಕಲ್ಲ. ಆ ಊರಿರುವ ಆದೋನಿ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ರಾಯರು ಬೃಂದಾವನ ಪ್ರವೇಶಿಸಿದ್ದು 1671ರಲ್ಲಿ. 1800ರಿಂದ 1807ರವರೆಗೆ ಇಲ್ಲಿ ಕಲೆಕ್ಟರಾಗಿದ್ದ ಥಾಮಸ್ ಮನ್ರೋ ಮಠದ ಜಮೀನಿನ ವಿಷಯಕ್ಕೆ ಹೋದಾಗ ರಾಯರು ಹೊರಬಂದು ಅವನ ಜೊತೆ ಮಾತಾಡಿದರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅದನ್ನು ‘ಸತ್ತವರ ಜೊತೆ ಮಾತು’ ಅಂತ ಯಾರಾದರೂ ಅನ್ನಲಿ ನೋಡೋಣ! ಭಕ್ತರ ಪಾಲಿಗೆ ಅವರು ಒಳಗೆ ಇದ್ದಾರೆ, ಅಷ್ಟೇ. ಹಾಗಾಗಿ ಈ ಕಡೆಯಿಂದ ಪದ ಸಿಗುವುದಿಲ್ಲ.

ನನ್ನ ಸೂಚನೆ: ‘ಸತ್ತೋರ್ನ ಮಾತಾಡ್ಸಾಕಿ’. ಮಾತಾಡಿಸು ಅನ್ನುವುದರಲ್ಲಿ ನಾವೇ ಹೋಗಿ ವಿಚಾರಿಸುವುದೂ ಇದೆ, ಎದುರಿನವರ ಬಾಯಿ ಬಿಡಿಸುವುದೂ ಇದೆ. ಏಂದೋರಿನಲ್ಲಿ ನಡೆದದ್ದು ಎರಡೂ. ಕೆಟ್ಟ ವಾಸನೆಯಿಲ್ಲ, ಸಂಸ್ಕೃತದ ಭಾರವಿಲ್ಲ.

ಅಡ್ಡಿ ಒಂದೇ. ಸಾವಾದ ಮನೆಗೆ ಹೋಗುವುದಕ್ಕೂ ನಾವು ‘ಮಾತಾಡ್ಸಾಕ ಹೋಗ್ಯಾರ’ ಅನ್ನುತ್ತೇವೆ. ಓದಿದಾಗ ಒಬ್ಬ ಅಜ್ಜಿ ‘ಸತ್ತೋರ ಮನ್ಯಾಗ ಮಾತಾಡ್ಸಾಕ ಬಂದಾಕ್ಯೇನು?’ ಅಂತಲೇ ಕೇಳಿದರು. ‘ಸತ್ತೋರ್ನ’ ಅನ್ನುವುದನ್ನು ಒತ್ತಿ ಓದಿದರೆ ಗೊಂದಲ ತಪ್ಪೀತು ಅಂತ ನಾನು, ಇಲ್ಲ ಅಂತ ಉಳಿದವರು.

ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪದ ಕಡೆ ಇಂಥ ಹೆಂಗಸಿಗೆ ಬೇರೆ ಹೆಸರು ಕೇಳಿದವರಿದ್ದರೆ ಊರು, ಸಂದರ್ಭ ಸೇರಿಸಿ ಬರೆಯಿರಿ. ದೇವರು ಮೈದುಂಬುವುದಕ್ಕೆ ಇರುವ ಪದಗಳು ಬೇಡ, ಅವು ನಮ್ಮಲ್ಲಿ ಬೇಕಾದಷ್ಟಿವೆ. ಸತ್ತವರದ್ದೇ ಬೇಕು.