ಅಪ್‌ಡೇಟ್: ಎಲೆಕ್ಟ್ರಿಕ್ ಸ್ಕೂಟರ್ ಓಡಿಸಿ ನೋಡಿದ್ವಿ, ಅಮ್ಮಂದೇ ಕೊನೆ ಮಾತು

ಮೈಸೂರಿನ ಕುವೆಂಪುನಗರದಿಂದ ಮಗಳ ಸ್ಕೂಲು, ದೇವರಾಜ ಮಾರ್ಕೆಟ್ಟು ಅಂತ ದಿನಾ ಓಡಾಡೋಕೆ ಎಲೆಕ್ಟ್ರಿಕ್ ಸ್ಕೂಟರ್ ಆಗುತ್ತಾ ಅಂತ ಕೇಳಿದ್ದೆನಲ್ಲ. "ಒಬ್ಬರೇ ಹೋಗ್ಬೇಡಿ, ಅಮ್ಮನ್ನ ಹಿಂದೆ ಕೂರಿಸ್ಕೊಂಡು ಓಡಿಸಿ" ಅಂದವರಿಗೆ ದೊಡ್ಡ ನಮಸ್ಕಾರ.

ಟಿವಿಎಸ್ ಐಕ್ಯೂಬ್, ಏಥರ್ ರಿಜ್ಟಾ ಎರಡನ್ನೂ ನೋಡಿದ್ವಿ. ಐಕ್ಯೂಬ್ ನನಗೆ ಇಷ್ಟ ಆಯ್ತು. ಆದ್ರೆ ರಿಜ್ಟಾ ಸೀಟು ಉದ್ದ, ಅಗಲ. ಅಮ್ಮ ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂತು, ಹಿಂದಿನ ಹಿಡಿ ಹಿಡ್ಕೊಂಡು "ಇದೇ ಸಾಕು ಬಿಡೋ" ಅಂದುಬಿಟ್ರು. ಸೀಟ್ ಕೆಳಗೆ 34 ಲೀಟರ್ ಜಾಗ, ತರಕಾರಿ ಚೀಲ ಮಡಚದೇ ಹೋಯ್ತು.

ಶೋರೂಮಿನ ಹುಡುಗ ರಿಂಗ್ ರೋಡಲ್ಲೇ ಸುತ್ತಿಸೋ ಪ್ಲಾನಲ್ಲಿದ್ದ. ನಾನು ರಿಜ್ಟಾನ ಚಾಮುಂಡಿ ಬೆಟ್ಟದ ಕಡೆ ತಿರುಗಿಸಿದೆ. ಇಬ್ಬರಿದ್ರೂ ಏರಲ್ಲಿ ಏದುಸಿರು ಬಿಡಲಿಲ್ಲ, ಬ್ಯಾಟರಿ ಪರ್ಸೆಂಟ್ ಮಾತ್ರ ಕಣ್ಣೆದುರೇ ಇಳೀತಿತ್ತು. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ರೆ ಮೋಟಾರೇ ಹಿಡಿದು ನಿಧಾನ ಮಾಡುತ್ತೆ, ಒಂಚೂರು ಚಾರ್ಜೂ ವಾಪಸ್ ಬರುತ್ತೆ. ಬ್ಯಾಟರಿ ಫುಲ್ ಇದ್ದಾಗ ಆ ಹಿಡಿತ ಕಮ್ಮಿ, ಹಾಗಾಗಿ ಬ್ರೇಕ್ ಮೇಲೆ ಕೈ ಇರಲಿ.

ರಿಜ್ಟಾದ 2.9 ಕಿಲೋವ್ಯಾಟ್ ಅವರ್ ಬ್ಯಾಟರಿಗೆ ಒಂದು ಫುಲ್ ಚಾರ್ಜಲ್ಲಿ ಕಾಗದದ ಮೇಲೆ 123 ಕಿ.ಮೀ. ಅಷ್ಟು ನಂಬಲ್ಲ, ಊರೊಳಗಿನ ಓಡಾಟಕ್ಕೆ ಧಾರಾಳ. ಮಂಡ್ಯದ ಮಾವನ ಮನೆ ಸುಮಾರು 45 ಕಿ.ಮೀ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಟೂ ವೀಲರ್ ಬಿಡಲ್ಲ, ಸರ್ವಿಸ್ ರೋಡೇ ಗತಿ. ಅಲ್ಲಿ ಹೋದ್ಮೇಲೆ ಚಾರ್ಜಿಗೆ ಹಾಕಿದ್ರಾಯ್ತು, ಮಾವ ಬೇಡ ಅನ್ನಲ್ಲ.

ಬುಕ್ ಮಾಡೋಕೆ ಮುಂಚೆ ಪಾರ್ಕಿಂಗ್ ಪ್ಲಗ್ಗಿಗೆ ಅರ್ಥಿಂಗ್ ಸರಿ ಇದ್ಯಾ ನೋಡೋಕೆ ಎಲೆಕ್ಟ್ರಿಷಿಯನ್‌ಗೆ ಹೇಳಿದ್ದೀನಿ. ಭಾನುವಾರ ಬರ್ತಾರಂತೆ.