ಹಳೇ ಲ್ಯಾಪ್‌ಟಾಪ್‌ನಲ್ಲಿ ಓದು, ಕೇಳು, ನೋಡು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ?

ಕೇಳಿದವರು: ಕೀಲಿಮಣೆ

ಲ್ಯಾಪ್‌ಟಾಪ್ ಒಂಬತ್ತು ವರ್ಷ ಹಳೆಯದು. ಇಂಟೆಲ್ ಆರನೇ ತಲೆಮಾರಿನ ಐ5, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗಿ ಕೈಗೆ ಬರಲು ನಾಲ್ಕು ನಿಮಿಷ ಬೇಕು. ವಿಡಿಯೊ ಹಾಕಿದರೆ ಫ್ಯಾನ್ ಕೂಗುತ್ತದೆ, ಚಿತ್ರ ತಡವರಿಸುತ್ತದೆ. ನನಗೆ ಬೇಕಿರುವುದು ಇಷ್ಟೇ: ನೆಟ್‌ನಲ್ಲಿ ಲೇಖನ ಓದುವುದು, ಪಾಡ್‌ಕಾಸ್ಟ್, ವಿಡಿಯೊ, ಕನ್ನಡ ಇ-ಪುಸ್ತಕ, ಫೋನಿನ ಫೋಟೊಗಳಿಗೆ ಒಂದು ಭದ್ರ ಜಾಗ. ಹೊಸದು ಕೊಳ್ಳಲೇಬೇಕಾ? ನಿಮ್ಮ ನಿಮ್ಮ ಮೆಚ್ಚಿನ ಸಲಕರಣೆ, ತಂತ್ರಾಂಶ ಯಾವುವು? ಬಲ್ಲವರು ಬಿಡಿಸಿ ಹೇಳಿ.

ತಿರುಪುಳಿ

ಕೊಳ್ಳುವ ಮಾತು ಆಮೇಲೆ. ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು 'ಪರ್ಫಾರ್ಮೆನ್ಸ್' ಪುಟ ನೋಡಿ. ಡಿಸ್ಕ್ 100% ಅಂತಿದ್ದು, ಓದುವ ವೇಗ ಮಾತ್ರ ಸೆಕೆಂಡಿಗೆ ಎರಡು ಮೂರು ಎಂಬಿ ಇದ್ದರೆ ರೋಗ ಸಿಕ್ಕಿತು ಅಂತ ತಿಳಿಯಿರಿ. ಹಾರ್ಡ್ ಡಿಸ್ಕ್‌ನ ತಲೆ ತಟ್ಟೆಯ ಮೇಲೆ ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲೇ ಹೊತ್ತು ಕಳೆಯುತ್ತಿದೆ. ಸೆಕೆಂಡಿಗೆ ನೂರರ ಆಸುಪಾಸು ಚಿಲ್ಲರೆ ಓದು ಮಾಡುವಷ್ಟೇ ಅದರ ತಾಕತ್ತು. ಅದರ ಬದಲಿಗೆ ಹಾಕುವ, ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಹತ್ತಾರು ಸಾವಿರ ಮಾಡುತ್ತದೆ. ಹಾಗಾಗಿ ದುಡ್ಡು ಹಾಕುವುದಾದರೆ ಮೊದಲ ಪಾಲು ಎಸ್‌ಎಸ್‌ಡಿಗೆ. ಪ್ರೊಸೆಸರ್ ಬಗ್ಗೆ ಚಿಂತೆ ಬೇಡ, ನಿಮ್ಮ ಕೆಲಸಕ್ಕೆ ಅದು ಸಾಕು.

ನಿಮಗೆ ಬೇಕಿರುವುದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ, ಅಂದರೆ ಹಳೆ ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರುವಂಥದ್ದು. ಅದರ ದಪ್ಪ 7 ಮಿ.ಮೀ.; ನಿಮ್ಮ ಯಂತ್ರದ ಗೂಡು 9.5 ಮಿ.ಮೀ.ನದ್ದಾಗಿದ್ದರೆ ಅಲುಗಾಡದಂತೆ ಒಂದು ಪ್ಲಾಸ್ಟಿಕ್ ಚೌಕಟ್ಟು ಬೇಕು, ಎಷ್ಟೋ ಸಲ ಎಸ್‌ಎಸ್‌ಡಿ ಡಬ್ಬದಲ್ಲೇ ಇರುತ್ತದೆ. ಒಳಗೆ ಎಂ.2 ಕಿಂಡಿ (ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಕಂಡಿತು ಅಂತ ನೇರ ಎನ್‌ವಿಎಂಇ (ಸಾಟಾಗಿಂತ ವೇಗದ ಬಗೆಯ ಎಸ್‌ಎಸ್‌ಡಿ) ತರಬೇಡಿ. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಅದು ಸಾಟಾ ಮಾತ್ರ ಅರ್ಥಮಾಡಿಕೊಳ್ಳುವ ಕಿಂಡಿ. ಎನ್‌ವಿಎಂಇ ಕೂರುತ್ತದೆ, ಆದರೆ ಯಂತ್ರಕ್ಕೆ ಕಾಣುವುದಿಲ್ಲ. ಮಾಡೆಲ್ ಸಂಖ್ಯೆ ಹಾಕಿ ಸರ್ವಿಸ್ ಮ್ಯಾನ್ಯುಯಲ್ ಇಳಿಸಿಕೊಂಡು ನೋಡಿ.

ಬಿಚ್ಚುವಾಗ: ಪೂರ್ತಿ ಶಟ್‌ಡೌನ್, ಚಾರ್ಜರ್ ತೆಗೆಯಿರಿ. ಬ್ಯಾಟರಿ ಒಳಗಿದ್ದರೆ ಕವಚ ತೆರೆದ ಕೂಡಲೇ ಮದರ್‌ಬೋರ್ಡಿನಿಂದ ಅದರ ಕನೆಕ್ಟರ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಬೆನ್ನು ಬರೆದು, ಯಾವ ತೂತಿನ ಸ್ಕ್ರೂ ಅದೇ ಜಾಗಕ್ಕೆ ಅಂಟುಪಟ್ಟಿಯಲ್ಲಿ ಅಂಟಿಸಿ. ಮಕ್ಕಳಾಟ ಅನ್ನಿಸಬಹುದು. ಗಿಡ್ಡ ತೂತಿಗೆ ಉದ್ದ ಸ್ಕ್ರೂ ತಿರುಗಿಸಿದರೆ ಕೀಬೋರ್ಡಿನ ಪಕ್ಕ ಗುಳ್ಳೆ ಏಳುತ್ತದೆ ಅಥವಾ ಬೋರ್ಡೇ ಸೀಳುತ್ತದೆ.

ರ್‍ಯಾಮ್: ಅದೇ ಪುಟದಲ್ಲಿ 'ಮೆಮೊರಿ' ಒತ್ತಿದರೆ ಎಷ್ಟು ಸ್ಲಾಟ್ ಇವೆ, ಎಷ್ಟು ತುಂಬಿವೆ ಅಂತ ತೋರಿಸುತ್ತದೆ. ಆರನೇ ತಲೆಮಾರಿನಲ್ಲಿ ಕೆಲವು ಯಂತ್ರಗಳಿಗೆ ಡಿಡಿಆರ್3ಎಲ್ (204 ಪಿನ್, 1.35 ವೋಲ್ಟ್), ಕೆಲವಕ್ಕೆ ಡಿಡಿಆರ್4 (260 ಪಿನ್, 1.2 ವೋಲ್ಟ್). ಒಂದರ ಕಿಂಡಿಗೆ ಇನ್ನೊಂದು ಕೂರುವುದಿಲ್ಲ. ಇರುವ 4ರ ಪಕ್ಕ 8 ಹಾಕಬಹುದು. ಎರಡರಲ್ಲಿ ನಿಧಾನದ್ದರ ವೇಗಕ್ಕೆ ಎರಡೂ ಇಳಿಯುತ್ತವೆ, ಅಷ್ಟೇ. ಓರೆಯಾಗಿ ತೂರಿಸಿ, ಕೆಳಗೊತ್ತಿ, ಎರಡೂ ಬದಿಯ ಕೊಕ್ಕೆ ಟಕ್ ಅನ್ನಬೇಕು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗೇ ಇದ್ದರೆ ಒಂದು ನಿಮಿಷ ಸುಮ್ಮನಿರಿ, ಯಂತ್ರ ಹೊಸ ರ್‍ಯಾಮ್‌ನ ಅಳತೆ ತೆಗೆದುಕೊಳ್ಳುತ್ತಿರುತ್ತದೆ. ಆಮೇಲೂ ಏನೂ ಬಾರದಿದ್ದರೆ ತೆಗೆದು ಮತ್ತೆ ಕೂರಿಸಿ. ಕೊನೆಗೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಒಂದು ಪೂರ್ಣ ಸುತ್ತು ಓಡಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ರ್‍ಯಾಮ್ ವಾಪಸ್ ಕೊಡಿ.

ಟಚ್‌ಪ್ಯಾಡ್ ಉಬ್ಬಿದ ಹಾಗೆ ಕಂಡರೆ, ಒತ್ತಲು ಗಟ್ಟಿಯಾಗಿದ್ದರೆ, ಇದೆಲ್ಲ ಬದಿಗಿಟ್ಟು ಬ್ಯಾಟರಿ ನೋಡಿ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು.

ಪೆಂಗ್ವಿನ್ ಪಕ್ಷ

ಡಿಸ್ಕ್ ಬದಲಿಸುತ್ತಿದ್ದೀರಿ ಅಂದಮೇಲೆ ಹಳೆ ವಿಂಡೋಸನ್ನೇ ಅದಕ್ಕೆ ನಕಲು ಮಾಡುವುದು ಯಾಕೆ? ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್. ನಿಮ್ಮದು ಹೊರಗುಳಿಯಿತು. ಅಡ್ಡದಾರಿಯಲ್ಲಿ ಹಾಕುವವರಿದ್ದಾರೆ, ಆದರೆ ದೊಡ್ಡ ಅಪ್‌ಡೇಟ್ ಬಂದಾಗಲೆಲ್ಲ ಅದೇ ಗುದ್ದಾಟ.

ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ವೆಂಟಾಯ್ ಅಥವಾ ರೂಫಸ್‌ನಿಂದ ಪೆನ್‌ಡ್ರೈವ್‌ಗೆ ಇಳಿಸಿ, ಇನ್‌ಸ್ಟಾಲ್ ಮಾಡದೆಯೇ ಅರ್ಧ ಗಂಟೆ ಅದರಿಂದಲೇ ಓಡಿಸಿ. ವೈಫೈ ಹತ್ತಿತೆ? ಶಬ್ದ ಬಂತೆ? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರಾಯಿತೆ? ಬೆಳಕು ಏರಿಳಿಸುವ ಕೀಲಿ ಕೆಲಸ ಮಾಡಿತೆ? ಈ ನಾಲ್ಕೂ ಸರಿ ಇದ್ದರೆ ಮುಂದುವರಿಯಿರಿ. ಕನ್ನಡ ಟೈಪಿಂಗಿಗೆ ಬೇರೆ ತಂತ್ರಾಂಶ ಹುಡುಕಬೇಕಿಲ್ಲ, ಕೀಬೋರ್ಡ್ ಲೇಔಟ್ ಪಟ್ಟಿಯಲ್ಲೇ ಕಗಪ ಇದೆ.

ತಿರುಪುಳಿ

ಲಿನಕ್ಸ್‌ಗೆ ನನ್ನ ತಕರಾರಿಲ್ಲ. ಆದರೆ ಡಿಜಿಟಲ್ ಸಹಿಯ ಟೋಕನ್, ಹಳೆ ಪ್ರಿಂಟರ್, ವಿಂಡೋಸ್‌ನಲ್ಲಷ್ಟೇ ಓಡುವ ಲೆಕ್ಕದ ತಂತ್ರಾಂಶ ಇದ್ದವರು ಒಂದು ವಾರ ಪೆನ್‌ಡ್ರೈವ್‌ನಲ್ಲೇ ಬಾಳಿ ನೋಡಿ ಆಮೇಲೆ ಕೈಹಾಕಲಿ. ವಿಂಡೋಸ್ ಉಳಿಸಿಕೊಂಡು ಕ್ಲೋನ್ (ಇಡೀ ಡಿಸ್ಕಿನ ನಕಲು) ಮಾಡುವವರು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಮೊದಲೇ ಬರೆದಿಡಿ, ಇಲ್ಲವಾದರೆ ನಿಮ್ಮದೇ ಡಿಸ್ಕಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ.

ಇನ್ನೊಂದು: ಎರಡರಲ್ಲಿ ಯಾವ ದಾರಿ ಹಿಡಿದರೂ ಹಳೆ ಡಿಸ್ಕಿನ ಆರೋಗ್ಯ ಮೊದಲು ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು 05 ಮತ್ತು ಸಿ5 ಸಾಲುಗಳಲ್ಲಿ ಏನಿದೆ ಹೇಳಿ.

ಚೌಕಟ್ಟು ಎಣಿಸುವವ

ವಿಡಿಯೊ ತಡವರಿಸುವುದಕ್ಕೆ ಎಸ್‌ಎಸ್‌ಡಿ ಮದ್ದಲ್ಲ, ಅದು ಬೇರೆ ಕಾಯಿಲೆ. ಯೂಟ್ಯೂಬ್ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆಯಿರಿ. ಕೊಡೆಕ್ (ವಿಡಿಯೊವನ್ನು ಕುಗ್ಗಿಸಿಟ್ಟ ಬಗೆ) ಎಂಬ ಸಾಲಿನಲ್ಲಿ ಎವಿಸಿ1 ಇದ್ದರೆ ಎಚ್.264, ವಿಪಿ09 ಇದ್ದರೆ ವಿಪಿ9, ಎವಿ01 ಇದ್ದರೆ ಎವಿ1. ಅದರ ಮೇಲುಗಡೆ ಬಿಟ್ಟುಹೋದ ಫ್ರೇಮ್‌ಗಳ ಎಣಿಕೆ ಇರುತ್ತದೆ. ಅದು ಏರುತ್ತಲೇ ಇದ್ದರೆ ಯಂತ್ರ ಸೋಲುತ್ತಿದೆ.

ಇಂಟೆಲ್‌ನಲ್ಲಿ ವಿಪಿ9 ಅನ್ನು ಪೂರ್ತಿಯಾಗಿ ಗ್ರಾಫಿಕ್ಸ್ ಚಿಪ್ಪೇ ಬಿಡಿಸುವ ಸೌಲಭ್ಯ ಬಂದದ್ದು ಏಳನೇ ತಲೆಮಾರಿನಿಂದ, ಎವಿ1 ಹನ್ನೊಂದರಿಂದ. ನಿಮ್ಮ ಆರನೆಯದರಲ್ಲಿ ಆ ಹೊರೆಯ ಬಹುಪಾಲು ಪ್ರೊಸೆಸರ್ ಹೆಗಲಿಗೆ ಬೀಳುತ್ತದೆ, ಫ್ಯಾನ್ ಕೂಗುವುದು ಅದಕ್ಕೇ. ಎಚ್.264 ಆದರೆ ಚಿಪ್ಪಿಗೆ ನೀರು ಕುಡಿದಷ್ಟು ಸಲೀಸು. ಆದ್ದರಿಂದ ಫೈರ್‌ಫಾಕ್ಸ್‌ಗೆ 'ಎನ್‌ಹ್ಯಾನ್ಸ್ಡ್-ಎಚ್264ಫೈ' ಎಂಬ ಪುಟ್ಟ ಎಕ್ಸ್‌ಟೆನ್ಷನ್ ಹಾಕಿ, ಅದರಲ್ಲಿ ವಿಪಿ9, ಎವಿ1 ಎರಡನ್ನೂ ತಡೆಯಿರಿ. ಪುಟ ರಿಫ್ರೆಶ್ ಮಾಡಿ ಮತ್ತೆ ಅದೇ ಸಾಲು ನೋಡಿ, ಎವಿಸಿ1 ಆಗಿರಬೇಕು. ನಷ್ಟ ಏನೆಂದರೆ ಎಚ್.264ನಲ್ಲಿ 1080ಪಿ ಮೇಲೆ ಸಿಗದು. 1366×768 ಪರದೆಗೆ 720ಪಿಯೇ ಧಾರಾಳ.

ಜೊತೆಗೆ ಯುಬ್ಲಾಕ್ ಆರಿಜಿನ್. ಇದರ ಪೂರ್ಣ ರೂಪ ಈಗ ಕ್ರೋಮ್‌ನಲ್ಲಿ ಓಡದು, ಫೈರ್‌ಫಾಕ್ಸ್‌ನಲ್ಲಿ ಓಡುತ್ತದೆ. 4 ಜಿಬಿ ಯಂತ್ರದಲ್ಲಿ ಇದು ಜಾಹೀರಾತು ತಡೆಯುವ ಮಾತಷ್ಟೇ ಅಲ್ಲ, ನೇರ ರ್‍ಯಾಮ್ ಉಳಿತಾಯ.

ಹರಿವು

ಓದು, ಕೇಳು ನನ್ನ ವಿಷಯ. ಆರ್‌ಎಸ್‌ಎಸ್ ಅಂದರೆ ತಾಣಗಳ ಹೊಸ ಬರಹಗಳ ಪಟ್ಟಿಯನ್ನು (ಫೀಡ್) ನಿಮ್ಮ ಓದುವ ಆಪ್‌ಗೇ ತರುವ ವ್ಯವಸ್ಥೆ. ಅಂಥ ಆಪ್ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದಾಗ ಆರ್‌ಎಸ್‌ಎಸ್ ಸತ್ತಿತು ಅಂದರು. ಸತ್ತಿಲ್ಲ. ಎಷ್ಟೋ ಬ್ಲಾಗು, ಸುದ್ದಿತಾಣಗಳಿಗೆ, ಯೂಟ್ಯೂಬ್ ಚಾನೆಲ್ಲುಗಳಿಗೆ ಈಗಲೂ ಫೀಡ್ ಇದೆ. ಪಾಡ್‌ಕಾಸ್ಟ್ ಅನ್ನುವುದೇ ಆರ್‌ಎಸ್‌ಎಸ್ ಮೇಲೆ ನಿಂತ ವ್ಯವಸ್ಥೆ. ಲ್ಯಾಪ್‌ಟಾಪ್‌ನಲ್ಲಿ ಥಂಡರ್‌ಬರ್ಡ್ ಸಾಕು, ಮೇಲ್ ಜೊತೆಗೇ ಫೀಡ್ ಓದುತ್ತದೆ. ಆಂಡ್ರಾಯ್ಡ್‌ನಲ್ಲಿ ಫೀಡರ್, ಆಪಲ್‌ನವರಿಗೆ ನೆಟ್‌ನ್ಯೂಸ್‌ವೈರ್. ಸಾಮಾನ್ಯವಾಗಿ ತಾಣದ ವಿಳಾಸ ಕೊಟ್ಟರೆ ಫೀಡನ್ನು ರೀಡರ್ ತಾನೇ ಹುಡುಕಿಕೊಳ್ಳುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ: ಮೊದಲ ದಿನವೇ ಎಂಬತ್ತು ಫೀಡ್ ಸೇರಿಸಿ, ವಾರದಲ್ಲಿ ಓದದ ಎಣಿಕೆ ಸಾವಿರ ದಾಟಿ, ಆಪ್ ತೆಗೆದುಹಾಕುವುದು. ದಿನಕ್ಕೆ ಐವತ್ತು ಸುದ್ದಿ ಕಕ್ಕುವ ತಾಣಗಳನ್ನು ಸೇರಿಸಲೇಬೇಡಿ. ವಾರಕ್ಕೊಂದು, ತಿಂಗಳಿಗೊಂದು ಬರೆಯುವವರಿಗೇ ಆರ್‌ಎಸ್‌ಎಸ್ ಹೇಳಿ ಮಾಡಿಸಿದ್ದು.

ಪಾಡ್‌ಕಾಸ್ಟ್‌ಗೆ ಆಂಟೆನಾಪಾಡ್. ಖಾತೆ ಬೇಡ, ಆಪ್‌ನದೇ ಜಾಹೀರಾತಿಲ್ಲ. ಸೆಟ್ಟಿಂಗ್‌ನಲ್ಲಿ ವೈಫೈಯಲ್ಲಿ ಮಾತ್ರ ಡೌನ್‌ಲೋಡ್, ಕೇಳಿದ್ದು ತಾನಾಗಿ ಅಳಿಯಲಿ, ಈ ಎರಡನ್ನೂ ಆನ್ ಮಾಡಿ. 128 ಕೆಬಿಪಿಎಸ್ ಕಂತು ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ; ಹತ್ತು ಕಾರ್ಯಕ್ರಮಕ್ಕೆ ಸೇರಿ ಮರೆತರೆ ಹಳೆ ಫೋನ್ ತುಂಬಲು ಹೆಚ್ಚು ಹೊತ್ತು ಬೇಡ. ರಾತ್ರಿ ಹೊಸ ಕಂತು ಬರುತ್ತಿಲ್ಲ ಅನ್ನುವವರು ಫೋನಿನ ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಆಪನ್ನು ಹೊರಗಿಡಿ, ತಪ್ಪು ಆಪ್‌ನದಲ್ಲ.

ಓದುವ ಆಪ್, ಕೇಳುವ ಆಪ್ ಯಾವುದೇ ಇರಲಿ, ಅದಕ್ಕೆ ಒಪಿಎಂಎಲ್ ಕಡತ ಹೊರತೆಗೆಯಲು ಬರುತ್ತದೆಯೇ ನೋಡಿ. ನಿಮ್ಮ ಚಂದಾಪಟ್ಟಿ ಆ ಒಂದು ಕಡತದಲ್ಲಿರುತ್ತದೆ. ಆಪ್ ಮುಚ್ಚಿದರೆ ಇನ್ನೊಂದಕ್ಕೆ ಹಾಕಿದರಾಯಿತು. ಹೊರತೆಗೆಯಲು ಬಿಡದ ಆಪನ್ನು ನಾನು ಯಾರಿಗೂ ಹೇಳುವುದಿಲ್ಲ.

ಒತ್ತಕ್ಷರ

ಕನ್ನಡ ಪುಸ್ತಕ ಓದಲು ಇ-ಇಂಕ್ ಓದುಗ (ಕಾಗದದಂತೆ ಕಾಣುವ ಪರದೆಯ ಇ-ಪುಸ್ತಕ ಸಲಕರಣೆ) ಕೊಳ್ಳುವ ಮುಂಚೆ ನಿಮ್ಮ ಹತ್ತಿರ ಇರುವ ಕಡತಗಳನ್ನು ಪರೀಕ್ಷಿಸಿ. ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಅದು ಯೂನಿಕೋಡ್. ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ಇಪಬ್ (ಪರದೆಗೆ ತಕ್ಕಂತೆ ಸಾಲು ಹೊಂದಿಸಿಕೊಳ್ಳುವ ಇ-ಪುಸ್ತಕ ಕಡತ) ಮಾಡಲು ಹೊರಡಬಹುದು, ಆದರೆ ಸಾಲು ಮುರಿತ, ಒತ್ತಕ್ಷರ, ಪುಟಸಂಖ್ಯೆ ಕೈಯಾರೆ ತಿದ್ದಬೇಕಾದೀತು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬಂದರೆ ಅದು ಹಳೆ ನುಡಿ ಅಥವಾ ಬರಹ ಕಾಲದ ಫಾಂಟು. ಅಲ್ಲಿ ಕನ್ನಡ ಬರೀ ಚಿತ್ರ, ಅಡಿಯಲ್ಲಿರುವುದು ಇಂಗ್ಲಿಷ್ ಸಂಕೇತಗಳು. ಅದನ್ನು ಹಾಗೇ ಪರಿವರ್ತಿಸಿದರೆ ಇಡೀ ಪುಸ್ತಕ ಆ ಕಲಸುಮೇಲೋಗರವೇ ಆಗುತ್ತದೆ. ಏನೂ ಬಾರದಿದ್ದರೆ ಸ್ಕ್ಯಾನ್ ಪ್ರತಿ. ಈ ಕೊನೆಯ ಎರಡಕ್ಕೂ ಕೆ2ಪಿಡಿಎಫ್‌ಆಪ್ಟ್ ಎಂಬ ತಂತ್ರಾಂಶ ಬಳಸಿ: ಅಂಚು ಕತ್ತರಿಸಿ, ಪದಗಳನ್ನು ಚಿತ್ರವಾಗಿಯೇ ಎತ್ತಿ ಚಿಕ್ಕ ಪರದೆಗೆ ಮತ್ತೆ ಜೋಡಿಸುತ್ತದೆ. ಎ4 ಪುಟದ ಪಿಡಿಎಫ್ ಅನ್ನು 6 ಇಂಚಿನ ಪರದೆಯಲ್ಲಿ ಹಾಗೇ ಓದಲು ಹೋದರೆ ಕಣ್ಣು ಹೋಗುತ್ತದೆ.

ಸಲಕರಣೆಯಲ್ಲಿ ನನ್ನ ಒಲವು ಕೋಬೊ ಕಡೆಗೆ: ಇಪಬ್ ನೇರ ಹಿಡಿಯುತ್ತದೆ, ಕೇಬಲ್ ಚುಚ್ಚಿ ಕಡತ ಹಾಕಬಹುದು, ಕೆಓರೀಡರ್ ಎಂಬ ಉಚಿತ ಓದುವ ತಂತ್ರಾಂಶ ಕೂರಿಸಬಹುದು. ಕೆಓರೀಡರ್‌ನ ಫಾಂಟ್ ಫೋಲ್ಡರಿಗೆ ನೋಟೊ ಸೆರಿಫ್ ಕನ್ನಡ ಹಾಕಿ, ಫಾಂಟ್ ಮೆನುವಿನ ಕರ್ನಿಂಗ್ ಅನ್ನು 'ಬೆಸ್ಟ್'ಗೆ ಇಡಿ. ಅಕ್ಷರಗಳನ್ನು ಜೋಡಿಸುವ ಕೆಲಸ ಪೂರ್ತಿಯಾಗಿ ನಡೆಯುವುದು ಆಗಲೇ. ಕೆಳಗಿನ ಮಟ್ಟದಲ್ಲಿಟ್ಟರೆ 'ಸ್ತ್ರೀ' ಎನ್ನುವುದು ಸ, ತ, ರಗಳಾಗಿ ಒಡೆದು ನಿಂತೀತು. ಕಿಂಡಲ್ ಇರುವವರು ಇಪಬ್ ಅನ್ನು 'ಸೆಂಡ್ ಟು ಕಿಂಡಲ್' ಮೂಲಕ ಕಳಿಸಬಹುದು, ಕೇಬಲ್‌ನಲ್ಲಿ ಇಪಬ್ ಹಾಕಿದರೆ ತೆರೆಯದು. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ದಾರಿಯನ್ನು ಅಮೆಜಾನ್ 2025ರ ಫೆಬ್ರುವರಿ 26ರಂದು ಮುಚ್ಚಿದೆ, ಅದು ಗೊತ್ತಿದ್ದು ಕೊಳ್ಳಿ.

ಕಿವಿಮಾತು

ಸಣ್ಣದೊಂದು. ಬ್ಲೂಟೂತ್ ಹೆಡ್‌ಫೋನ್ ಲ್ಯಾಪ್‌ಟಾಪ್‌ಗೆ ಸೇರಿಸಿ ವಿಡಿಯೊ ಕರೆ ಮಾಡಿದ ಕೂಡಲೇ ಶಬ್ದ ಡಬ್ಬದೊಳಗಿಂದ ಬಂದ ಹಾಗಾಗುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ. ಅದರ ಮೈಕ್ ಎದ್ದಾಗ ಸಂಪರ್ಕ ಕರೆಯ ಕ್ರಮಕ್ಕೆ ಇಳಿಯುತ್ತದೆ. ಮೈಕ್ ಆಯ್ಕೆಯಲ್ಲಿ ಲ್ಯಾಪ್‌ಟಾಪ್‌ನದೇ ಮೈಕ್ ಇಡಿ, ಶಬ್ದ ಮರಳುತ್ತದೆ.

ಕೀಲಿಮಣೆ

ತಿರುಪುಳಿಯವರೇ, ನೋಡಿದೆ. 05 ಸಾಲಿನಲ್ಲಿ ಎಲ್ಲ ಸೊನ್ನೆ. ಸಿ5 ಸಾಲಿನಲ್ಲಿ ಸೊನ್ನೆಗಳ ಕೊನೆಗೆ 10 ಅಂತಿದೆ. ಬಣ್ಣ ಹಳದಿ. ಹತ್ತೇ ತಾನೆ, ಕ್ಲೋನ್ ಮಾಡಿಬಿಡಲೇ?

ತಿರುಪುಳಿ

ಬೇಡ. ಮೊದಲಿಗೆ ಅದು ಹತ್ತಲ್ಲ. ಆ ತಂತ್ರಾಂಶ ಸಂಖ್ಯೆಯನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, ಆದ್ದರಿಂದ 10 ಅಂದರೆ 16. ಡಿಸ್ಕ್ ಓದಲು ಹೋಗಿ ಸೋತು, ಮುಂದೆ ನೋಡೋಣ ಅಂತ ಬದಿಗಿಟ್ಟ ಸೆಕ್ಟರುಗಳು ಅವು. 05 ಸೊನ್ನೆ ಇದೆ ಅಂದರೆ ಯಾವುದಕ್ಕೂ ಬದಲಿ ಜಾಗ ಕೊಟ್ಟಿಲ್ಲ, ಅಷ್ಟೇ. ಕ್ಲೋನ್ ಮಾಡುವ ತಂತ್ರಾಂಶ ಅಲ್ಲಿಗೆ ಬಂದಾಗ ಪದೇ ಪದೇ ಓದಲು ಹೆಣಗುತ್ತದೆ, ಮೊದಲೇ ದಣಿದ ಡಿಸ್ಕ್ ಅಲ್ಲೇ ಕೂತುಬಿಡಬಹುದು. ವಿಂಡೋಸ್‌ನ ಡಿಸ್ಕ್ ತಪಾಸಣೆ ಚೆಕ್‌ಡಿಸ್ಕ್ ಕೂಡ ಈಗ ಓಡಿಸಬೇಡಿ.

ಲ್ಯಾಪ್‌ಟಾಪ್ ಆರಿಸಿ. ಪೆಂಗ್ವಿನ್ ಪಕ್ಷದವರ ಮಿಂಟ್ ಪೆನ್‌ಡ್ರೈವ್ ಬೇರೆ ಕಂಪ್ಯೂಟರಿನಲ್ಲಿ ತಯಾರು ಮಾಡಿ, ಅದರಿಂದ ಶುರು ಮಾಡಿ, ಹೊರಗಿನ ಡಿಸ್ಕ್ ಒಂದನ್ನು ಚುಚ್ಚಿ. ಮತ್ತೆ ಸಿಗದ್ದು ಮೊದಲು: ಫೋಟೊ, ಕಾಗದಪತ್ರ, ಆಮೇಲೆ ಉಳಿದದ್ದು. ಫೋಲ್ಡರ್ ಫೋಲ್ಡರಾಗಿ ನಕಲು ಮಾಡಿ. ಯಾವುದಾದರೂ ಒಂದರಲ್ಲಿ ಸಿಕ್ಕಿಕೊಂಡರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಬಿಟ್ಟದ್ದಕ್ಕೆ ಕೊನೆಯಲ್ಲಿ ಡಿಡಿರೆಸ್ಕ್ಯೂ ಎಂಬ, ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ತಂತ್ರಾಂಶ ಇದೆ. ಡಿಸ್ಕ್ ಟಕ್ ಟಕ್ ಅನ್ನತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಡೇಟಾ ತೆಗೆಯುವವರ ಕೈಗೆ ಕೊಡಿ.

ನಕಲುಪ್ರತಿ

ಅದು ಮುಗಿದಮೇಲೆ ಫೋನಿನ ಫೋಟೊಗೆ ಸಿಂಕ್‌ಥಿಂಗ್; ಇದು ಎರಡು ಯಂತ್ರಗಳ ಫೋಲ್ಡರುಗಳನ್ನು ಒಂದೇ ಥರ ಇಡುವ ತಂತ್ರಾಂಶ. ಆಂಡ್ರಾಯ್ಡ್‌ನ ಅಧಿಕೃತ ಆಪ್ 2024ರ ಡಿಸೆಂಬರ್‌ಗೆ ನಿಂತಿದೆ, 'ಸಿಂಕ್‌ಥಿಂಗ್-ಫೋರ್ಕ್' ಹಾಕಿಕೊಳ್ಳಿ. ಫೋನಿನ ಕ್ಯಾಮೆರಾ ಫೋಲ್ಡರನ್ನು 'ಸೆಂಡ್ ಓನ್ಲಿ' ಮಾಡಿ, ಲ್ಯಾಪ್‌ಟಾಪ್ ಬದಿಯಲ್ಲಿ 'ಫೈಲ್ ವರ್ಷನಿಂಗ್' ಆನ್ ಮಾಡಿ. ಈ ಎರಡನೆಯದನ್ನು ಮರೆತರೆ ಫೋನಿನಲ್ಲಿ ಅಳಿಸಿದ ಫೋಟೊ ಲ್ಯಾಪ್‌ಟಾಪ್‌ನಲ್ಲೂ ಅಳಿಯುತ್ತದೆ. ಸಿಂಕ್ ಅಂದರೆ ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಒಂದು ಪ್ರತಿ ಹಾಕಿ, ಕಳಚಿ, ಬೇರೆ ಕೋಣೆಯಲ್ಲಿಡಿ. ಅದಕ್ಕೆ ಹೊಸ ಹಾರ್ಡ್ ಡಿಸ್ಕೇ ಆಗಲಿ. ಕರೆಂಟಿಲ್ಲದೆ ವರ್ಷಗಟ್ಟಲೆ ಬಿದ್ದಿರುವ ಕೆಲಸಕ್ಕೆ ಎಸ್‌ಎಸ್‌ಡಿ ನಂಬುವ ಹಾಗಿಲ್ಲ. ಸಿ5ರಲ್ಲಿ 16 ತೋರಿಸಿದ ಹಳೇ ಡಿಸ್ಕನ್ನಂತೂ ಇದಕ್ಕೆ ಬಳಸಬೇಡಿ.